ಜೆರ್ಸಿಯಲ್ಲಿ ತುಂಬಿದ ಉಡಿ

ಆ ಗಾದಿ ಅಂಗಡಿಯ ಬೋರ್ಡು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ಡೆಟ್ರಾಯಿಟ್ ಕಡೆಗೆ ಹೋಗುವ ಹೈವೇಯಲ್ಲಿ, ಮಗಳ ಕಾಲೇಜಿಗೆ ನಾವು ಇಳಿಯಬೇಕಾದ ಎಕ್ಸಿಟ್ಟಿಗೆ ಸ್ವಲ್ಪ ಮುಂಚೆ, ದೊಡ್ಡ ಹಲಗೆಯ ಮೇಲೆ ಒಬ್ಬ ಹುಡುಗಿ ವಾಲಿಬಾಲನ್ನು ತಲೆದಿಂಬು ಮಾಡಿಕೊಂಡು ಗಾದಿಯ ಮೇಲೆ ಮಲಗಿ ನಗುತ್ತಿದ್ದಳು. ಅವಳು ನನ್ನ ಮಗಳ ತಂಡದವಳೇ. ಕಾಲೇಜಿನಲ್ಲಿ ಇಬ್ಬರೂ ಒಂದೇ ರೂಮು. ನಮ್ಮ ಮನೆಗೆ ಬಂದು ನನ್ನ ಕೈಯ ಒಗ್ಗರಣೆ ಅವಲಕ್ಕಿಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದವಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಡೆಸ್ ಪ್ಲೇನ್ಸ್‌ನ ನಮ್ಮ ಮನೆಯಿಂದ ಅಷ್ಟು ದೂರ ಕಾರಿನಲ್ಲಿ ಕೂತು ಸೊಂಟ ಹಿಡಿದುಕೊಂಡಿರುವಾಗ ಆ ಮೆತ್ತನೆಯ ಗಾದಿ, ಆ ನಗು ಕಂಡರೆ ಯಾವ ತಾಯಿ ಸುಮ್ಮನಿರುತ್ತಾಳೆ?

‘ನೋಡ್ರೀ, ಅಲ್ಲಿ ನಮ್ಮಾಕಿ ಇರಬೇಕಾಗಿತ್ತು,’ ಎಂದು ಪ್ರತಿ ಸಲ ಗಂಡನಿಗೆ ಹೇಳುತ್ತಿದ್ದೆ.

ಅವರು ಮೈಸೂರಿನವರು. ನಾನು ಹತ್ತು ಮಾತಾಡಿದರೆ ಅವರದು ಒಂದು. ‘ಡ್ರೈವ್ ಮಾಡೋವಾಗ ರಸ್ತೆ ನೋಡ್ಬೇಕು ಕಣೇ, ಬೋರ್ಡ್ ಅಲ್ಲ,’ ಎನ್ನುತ್ತಿದ್ದರು. ಆದರೆ ಅವರ ಕಣ್ಣೂ ಒಂದು ಗಳಿಗೆ ಅತ್ತ ಹೊರಳಿದ್ದನ್ನು ನಾನು ನೋಡದೆ ಇರುತ್ತಿರಲಿಲ್ಲ.

ಕಾಲೇಜಿನಲ್ಲಿ ಆಡುವ ಮಕ್ಕಳು ಈಗ ತಮ್ಮ ಹೆಸರು, ಮುಖ ಕೊಟ್ಟು ಕಂಪನಿಗಳಿಂದ ದುಡ್ಡು ತೆಗೆದುಕೊಳ್ಳಬಹುದು. ಮೊದಲು ಇದಕ್ಕೆ ಬಿಡುತ್ತಿರಲಿಲ್ಲವಂತೆ, ಯಾರೋ ಪುಕ್ಕಟೆ ಊಟ ಹಾಕಿಸಿದರೂ ವಿಚಾರಣೆಯಂತೆ. ಈಗ ಕಾಲ ಬದಲಾಗಿದೆ. ಮಕ್ಕಳ ಬಾಯಲ್ಲಿ ಅದು ‘ಡೀಲು’. ತಂಡದ ಒಬ್ಬಳಿಗೆ ಕಾರು ಮಾರುವವರ ಡೀಲು, ಒಬ್ಬಳಿಗೆ ಪಿಜ್ಜಾ ಅಂಗಡಿಯ ಡೀಲು, ರೂಮ್‌ಮೇಟಿಗೆ ಗಾದಿ. ನನ್ನ ಮಗಳಿಗೆ ಮಾತ್ರ ಏನೂ ಇಲ್ಲ. ಕೇಳುವವರು ಇರಲಿಲ್ಲ ಎಂದಲ್ಲ. ಹಣ್ಣಿನ ಸ್ಮೂದಿ ಮಾಡುವ ಅಂಗಡಿಯವರು ಕೇಳಿದ್ದರು, ಮೊಣಕಾಲಿನ ಪ್ಯಾಡು ಮಾಡುವವರು ಕೇಳಿದ್ದರು. ಅವಳು ತಂಡದಲ್ಲಿ ಲಿಬೆರೋ. ಹೊಡೆಯುವವಳಲ್ಲ, ಎತ್ತುವವಳು. ಎದುರಿನವರು ಬಡಿದ ಚೆಂಡು ನೆಲ ಮುಟ್ಟದ ಹಾಗೆ ಹಿಂದಿನ ಸಾಲಿನಲ್ಲಿ ಬಿದ್ದು, ಉರುಳಿ, ಜಾರಿ ಹೇಗೋ ಮೇಲಕ್ಕೆ ಎತ್ತಿಕೊಡುವುದು ಅವಳ ಕೆಲಸ. ಆ ಉದ್ದುದ್ದ ಹುಡುಗಿಯರ ನಡುವೆ ಅವಳು ಗಿಡ್ಡಿ. ಹೈಸ್ಕೂಲಿನಲ್ಲಿದ್ದಾಗಿನಿಂದ ಅವಳ ಮೊಣಕೈ, ಮೊಣಕಾಲು ಒಂದು ದಿನವೂ ಗಾಯವಿಲ್ಲದೆ ಇದ್ದದ್ದನ್ನು ನಾನು ಕಂಡಿಲ್ಲ.

ಅಡ್ಡ ಬಂದದ್ದು ವೀಸಾ. ಮೂರು ವರ್ಷದವಳಿದ್ದಾಗ ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತ ಓ’ಹೇರ್‌ ವಿಮಾನ ನಿಲ್ದಾಣದಲ್ಲಿ ಇಳಿದ ಕೂಸು ಅದು. ಇಲ್ಲಿಯೇ ಹಲ್ಲು ಬಿದ್ದು ಹಲ್ಲು ಬಂತು. ನಮ್ಮ ಗ್ರೀನ್ ಕಾರ್ಡಿನ ಸರದಿ ಇನ್ನೂ ಬಂದಿಲ್ಲ. ಯಾವಾಗ ಬರುತ್ತದೆ ಎಂದು ಕೇಳುವುದನ್ನೂ ಬಿಟ್ಟಿದ್ದೇವೆ. ಇಪ್ಪತ್ತೊಂದು ತುಂಬಿದ ಕೂಡಲೇ ಮಕ್ಕಳು ತಂದೆ ತಾಯಿಯ ವೀಸಾದಿಂದ ಹೊರಬೀಳುತ್ತಾರೆ. ಅವಳಿಗೆ ವಿದ್ಯಾರ್ಥಿ ವೀಸಾ ಮಾಡಿಸಿದೆವು. ಅದು ಓದಲಿಕ್ಕೆಂದು ಬಂದು, ಓದಿ ಮುಗಿಸಿ, ತಮ್ಮ ಊರಿಗೆ ಮರಳುವವರ ವೀಸಾ. ಯಾವ ಊರಪ್ಪಾ? ಅವಳ ಪಾಲಿಗೆ ಹುಬ್ಬಳ್ಳಿ ಎಂದರೆ ಎರಡು ಸಲ ಬೇಸಿಗೆ ರಜೆಗೆ ಹೋಗಿ, ಎರಡೂ ಸಲ ಜ್ವರ ಬಂದು ಮಲಗಿ, ಸೊಳ್ಳೆಪರದೆಯೊಳಗಿಂದ ನೋಡಿದ ಊರು.

ವಿದ್ಯಾರ್ಥಿ ವೀಸಾದವರು ಮುಖ ತೋರಿಸಿ ದುಡ್ಡು ತೆಗೆದುಕೊಂಡರೆ ಅದು ಕೆಲಸ ಮಾಡಿದ ಲೆಕ್ಕ. ಅಪ್ಪಣೆಯಿಲ್ಲದೆ ಕೆಲಸ ಮಾಡಿದರೆ ವೀಸಾ ಹೋಯಿತು. ಸ್ಮೂದಿ ಅಂಗಡಿಯವರಿಗೆ ಆಗುವುದಿಲ್ಲ ಎಂದು ಹೇಳಿದ ದಿನ ಮಗಳು ನನಗೆ ಫೋನ್ ಮಾಡಿದ್ದಳು. ಇಟಾಸ್ಕಾದ ನನ್ನ ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಕೇಳಿಸಿಕೊಂಡೆ. ‘ಇಟ್ಸ್ ಫೈನ್, ಅಮ್ಮಾ,’ ಎಂದಳು. ಅವಳು ‘ಫೈನ್’ ಎನ್ನುವಾಗಿನ ದನಿ ನನಗೆ ಗೊತ್ತಿಲ್ಲವೇ? ಹೆತ್ತವಳು ನಾನು. ಸಣ್ಣವಳಿದ್ದಾಗ ಬಿದ್ದು ಮಂಡಿ ಒಡೆದುಕೊಂಡರೂ ಇದೇ ದನಿಯಲ್ಲಿ ಇದನ್ನೇ ಹೇಳುತ್ತಿದ್ದಳು.

ನನಗೆ ದುಡ್ಡಿನ ಆಸೆ ಇರಲಿಲ್ಲ. ನಾನೂ ಧಾರವಾಡದಲ್ಲಿ ಕಾಲೇಜು ಓದುವಾಗ ಖೋ-ಖೋ ಆಡಿದವಳು. ನಮಗೆ ಸಿಗುತ್ತಿದ್ದದ್ದು ಪಂದ್ಯದ ದಿನ ಎರಡು ಬಾಳೆಹಣ್ಣು, ಒಂದು ಬೇಯಿಸಿದ ತತ್ತಿ. ಗೆದ್ದರೆ ಒಂದು ಸ್ಟೀಲ್ ಡಬ್ಬಿ. ತತ್ತಿ ತಿನ್ನದವರ ಪಾಲಿನದನ್ನೂ ನಾನೇ ತಿನ್ನುತ್ತಿದ್ದೆ. ಆದರೆ ಸಂಜೆ ಆಟ ಮುಗಿಸಿ ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು ಓಣಿಯಲ್ಲಿ ಬರುವಾಗ, ಕಟ್ಟೆಯ ಮೇಲೆ ಕೂತ ಮುದುಕಿಯರು, ‘ನಮ್ಮ ಓಣಿ ಹುಡುಗಿ ಬಂತು ನೋಡ್ರೆವಾ,’ ಎನ್ನುತ್ತಿದ್ದರು. ‘ನಮ್ಮ’ ಎನ್ನುತ್ತಿದ್ದರು. ಆ ಒಂದು ಮಾತು ನನ್ನ ಮಗಳಿಗೂ ಈ ನೆಲದಲ್ಲಿ ಯಾರಾದರೂ ಹೇಳಲಿ, ಹೇಳುವುದಷ್ಟೇ ಅಲ್ಲ, ಆ ಗಾದಿಯವರ ಹಾಗೆ ದೊಡ್ಡದಾಗಿ ಬರೆದು ಹಾಕಲಿ ಎಂಬ ಹಂಬಲ ನನ್ನನ್ನು ಹಗಲೂ ರಾತ್ರಿ ತಿನ್ನುತ್ತಿತ್ತು. ಕಾರಿನಲ್ಲಿ, ಅಡುಗೆಮನೆಯಲ್ಲಿ, ಆಫೀಸಿನ ಮೀಟಿಂಗಿನ ನಡುವೆ ಸಹ ಅದೇ ಧ್ಯಾನ.

ಮಗಳ ಆಟ ನೋಡಲು ಹೋದಾಗಲೆಲ್ಲ ನಾವು ಅವಳ ಕಾಲೇಜಿನ ಹತ್ತಿರದ ನಾರ್ತ್‌ವಿಲ್‌ನಲ್ಲಿ ಒಂದು ರೊಟ್ಟಿ ಅಂಗಡಿಗೆ ಹೋಗುತ್ತಿದ್ದೆವು. ಬಾಗಲಕೋಟೆ ಕಡೆಯ ಒಬ್ಬ ಹೆಂಗಸಿನ ಅಂಗಡಿ ಅದು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಮಗಳು ಆಂಟಿ ಎನ್ನುತ್ತಿದ್ದಳು. ಅವರ ಗಂಡ ಕಾರಿನ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು, ತೀರಿಕೊಂಡು ಕೆಲವು ವರ್ಷವಾಗಿತ್ತು. ಆಮೇಲೆ ಅಕ್ಕ ಮಗನನ್ನು ಜೊತೆಗಿಟ್ಟುಕೊಂಡು ಅಂಗಡಿ ತೆರೆದಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಬ್ಬ ಬಂದರೆ ಸಿಹಿ ಮಾದಲಿ. ಮೊಣಕೈತನಕ ಹಿಟ್ಟು ಹತ್ತಿಸಿಕೊಂಡೇ ಅವರು ಎಲ್ಲರನ್ನೂ ಮಾತಾಡಿಸುತ್ತಿದ್ದರು. ಮಗಳ ಹಾಸ್ಟೆಲಿಗೆಂದು ಅವರು ಕಟ್ಟಿಕೊಡುತ್ತಿದ್ದ ಗಂಟು ನಾನು ಕಟ್ಟುತ್ತಿದ್ದದ್ದಕ್ಕಿಂತ ದೊಡ್ಡದು.

ಅಕ್ಟೋಬರಿನ ಒಂದು ಭಾನುವಾರ ಪಂದ್ಯ ಮುಗಿಸಿ ಮಗಳನ್ನೂ ಕರೆದುಕೊಂಡು ಅಲ್ಲಿಗೆ ಹೋದೆವು. ಅವಳು ಜೆರ್ಸಿ ಬದಲಿಸಿರಲಿಲ್ಲ. ಮೊಣಕಾಲಿನ ಪ್ಯಾಡು ಹರಡಿನತನಕ ಇಳಿದಿತ್ತು. ಅಕ್ಕ ಅವಳ ಮೊಣಕೈ ಹಿಡಿದು ತಿರುಗಿಸಿ ನೋಡಿದರು.

‘ಗಾದಿ ಮ್ಯಾಲೆ ಮಲಗಿದಾಕಿಗೆ ರೊಕ್ಕ ಕೊಡ್ತಾರಂತ. ಬಿದ್ದು ಎದ್ದು ಚೆಂಡು ಎತ್ತಾಕಿಗೆ ಏನೂ ಇಲ್ಲೇನು? ಇದ್ಯಾವ ಸೀಮಿ ನ್ಯಾಯನವಾ?’ ಎಂದರು. ನಾನೇ ಅವರ ಮುಂದೆ ಎಲ್ಲ ಒದರಿಕೊಂಡಿದ್ದೆನಲ್ಲ, ಬೋರ್ಡಿನ ಕಥೆ ಅವರಿಗೂ ಬಾಯಿಪಾಠವಾಗಿತ್ತು. ‘ಯಾರೂ ಮಾಡ್ಲಿಲ್ಲಂದ್ರ ಬ್ಯಾಡ. ಡೀಲು ನಾ ಮಾಡತೀನಿ. ಒಂದು ಫೋಟೋ ತಗದು ನಮ್ಮ ಅಂಗಡಿ ಪೇಜಿಗೆ ಹಾಕೂಣು.’

ನನ್ನ ಗಂಡ ಗಾಬರಿಯಾದರು. ‘ಬೇಡಿ ಅಕ್ಕ, ದುಡ್ಡು ಗಿಡ್ಡು ತಗೊಳ್ಳೋ ಹಾಗಿಲ್ಲ ಅವಳು. ವೀಸಾ ಪ್ರಾಬ್ಲಮ್ ಆಗತ್ತೆ.’

‘ರೊಕ್ಕದ ಮಾತು ಯಾರಾಡಿದ್ರು? ಉಡಿ ತುಂಬೂಣು ಅಂತೀನಿ. ಹೆಣ್ಣಮಗಳಿಗೆ ಉಡಿ ತುಂಬಿದ್ರ ಯಾವ ಸರಕಾರ ಬಂದು ಕೇಳತದ್ರೀ?’

ನನಗೂ ಹೌದಲ್ಲ ಅನ್ನಿಸಿತು. ಗಂಡನ ಮುಖವೂ ಸಡಿಲಾಯಿತು. ಅವರ ಕಡೆ ಮಡಿಲಕ್ಕಿ, ನಮ್ಮ ಕಡೆ ಉಡಿ. ಮನೆಯಿಂದ ಹೊರಟ ಹೆಣ್ಣುಮಗಳಿಗೆ ಕೊಡದಿದ್ದರೆ ತಪ್ಪೇ ಹೊರತು ಕೊಟ್ಟರೆ ತಪ್ಪು ಎಂದು ಹುಟ್ಟಿದಾರಭ್ಯ ನಾವು ಯಾರೂ ಕೇಳಿಲ್ಲ. ಅಂದು ಆ ಅಂಗಡಿಯಲ್ಲಿ ನಿಂತಿದ್ದ ಯಾರ ಮನಸ್ಸಿಗೂ ಅದೊಂದು ವ್ಯವಹಾರ ಎಂದು ಬರಲಿಲ್ಲ.

ಆದರೆ ಅಕ್ಕ ತಾವು ಮುಂದೆ ಬರಲಿಲ್ಲ. ಫ್ರೀಜರಿನ ಪಕ್ಕ ದೂರ ನಿಂತುಕೊಂಡರು. ‘ನಾ ಕೈ ಹಚ್ಚೂ ಹಂಗಿಲ್ಲ. ನೀನ ತುಂಬವಾ,’ ಎಂದರು. ಗಂಡ ಸತ್ತವರು ಉಡಿ ತುಂಬಬಾರದು, ತುಂಬಿಸಿಕೊಳ್ಳಲೂಬಾರದು ಎಂಬುದನ್ನು ಅವರು ಸಮುದ್ರ ದಾಟಿದರೂ ಬಿಟ್ಟಿರಲಿಲ್ಲ. ಅಲ್ಲಿಂದಲೇ ಒಂದೊಂದನ್ನೇ ಹೇಳುತ್ತಿದ್ದರು, ನಾನು ಕಪಾಟಿನಿಂದ ತೆಗೆಯುತ್ತಿದ್ದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ಅಡಿಕೆ, ಒಂದು ರವಿಕೆ ಖಣ. ಕೊನೆಗೆ ಒಳಗಿನ ಕೋಣೆಯಿಂದ ಮಗನ ಕೈಯಲ್ಲಿ ಒಂದು ಇಳಕಲ್ ಸೀರೆ ತರಿಸಿದರು. ಗಂಡ ಇದ್ದಾಗ ತಮಗೆಂದು ಊರಿಂದ ತರಿಸಿಕೊಂಡು, ಉಡುವಷ್ಟರಲ್ಲಿ ಅವರು ಹೋಗಿ, ಮಡಿಕೆ ಬಿಚ್ಚದೆ ಇಟ್ಟ ಸೀರೆ. ‘ಅಕ್ಕ, ಇದು ಜಾಸ್ತಿ ಆತು,’ ಎಂದೆ. ‘ಸುಮ್ನಿರು. ನಾ ಏನು ಇನ್ನ ಅದನ್ನ ಉಟಗೋತೀನೇನು?’ ಎಂದು ಗದರಿದರು.

ಮಗಳು ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದಳು. ‘ಇಸ್ ದಿಸ್ ಎ ಡೀಲ್, ಅಮ್ಮಾ?’

‘ಡೀಲಲ್ಲ, ಆಶೀರ್ವಾದ. ಅಂಗಿ ಹಿಡಿ.’

ಸೆರಗಿಲ್ಲವಲ್ಲ, ಅವಳು ಜೆರ್ಸಿಯ ಮುಂಭಾಗವನ್ನೇ ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಕಾಲೇಜಿನ ಹೆಸರಿದ್ದ ಆ ಬಟ್ಟೆಯೊಳಗೆ ನಾನು ಐದು ಹಿಡಿ ಅಕ್ಕಿ ಹಾಕಿದೆ. ಅವಳಿಗೆ ನಗು ತಡೆಯಲಾಗಲಿಲ್ಲ, ಅಕ್ಕಿಯ ಕಾಳು ಶೂಗಳ ಮೇಲೆ ಉದುರಿದವು. ಅಕ್ಕನ ಮಗ ಅದೇ ಗಳಿಗೆಯಲ್ಲಿ ಫೋಟೋ ಹೊಡೆದ. ಎಷ್ಟು ಚೆಂದ ಬಂದಿತ್ತು ಗೊತ್ತೇ! ಹಿಂದೆ ರೊಟ್ಟಿಯ ಗೋಪುರ, ಅಂಗಡಿಯ ಹೆಸರು, ಮುಂದೆ ನನ್ನ ಮಗಳ ನಗು. ಅವನು ಅದನ್ನು ಪೇಜಿಗೆ ಹಾಕಿ, ‘ನಮ್ಮ ರೊಟ್ಟಿ ತಿಂದು ಆಡುವ ನಮ್ಮ ಹುಡುಗಿ. ಈ ವಾರ ರೊಟ್ಟಿ ಕೊಂಡವರಿಗೆ ಚಟ್ನಿ ಪುಡಿ ಉಚಿತ’ ಎಂದು ಬರೆದ. ‘ನಮ್ಮ ಹುಡುಗಿ’ ಎಂಬುದನ್ನು ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಫೋನಿನಲ್ಲಿ ತೆಗೆದು ತೆಗೆದು ಓದಿದೆ. ರಸ್ತೆಯ ಆಚೆ ಬದಿಯ ಗಾದಿಯ ಬೋರ್ಡು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ನವೆಂಬರಿನಲ್ಲಿ, ಕೊನೆಯ ತವರು ಪಂದ್ಯದ ವಾರದ ಸೋಮವಾರ, ಕೋಚು ಮಗಳನ್ನು ಕರೆದು ಆ ಫೋಟೋ ತೋರಿಸಿದರಂತೆ. ಯಾರು ಯಾರಿಗೆ ಕಳಿಸಿದರೋ ಗೊತ್ತಿಲ್ಲ. ಸುತ್ತಿ ಬಳಸಿ ಅದು ಆಟಗಾರರ ನಿಯಮ ನೋಡಿಕೊಳ್ಳುವ ಆಫೀಸಿಗೆ ಹೋಗಿತ್ತು. ಅಂಗಡಿಯ ಜಾಹೀರಾತು, ಕಾಲೇಜಿನ ಜೆರ್ಸಿ, ಜೆರ್ಸಿಯ ತುಂಬ ಸಾಮಾನು. ವಿಷಯ ಇತ್ಯರ್ಥವಾಗುವತನಕ ಅವಳು ಆಡುವ ಹಾಗಿಲ್ಲ ಎಂದರು.

ಅದು ಎಂಥ ಪಂದ್ಯ ಎಂದು ಹೇಳಬೇಕು. ನನ್ನ ಮಗಳ ಹಾಗೆ ಕೊನೆಯ ವರ್ಷದಲ್ಲಿರುವ ಹುಡುಗಿಯರಿಗೆ ತಮ್ಮ ಕಾಲೇಜಿನ ಅಂಗಳದಲ್ಲಿ ಅದೇ ಕಡೆಯ ಆಟ. ಆಟವಾದ ಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಮಗಳು ತಂದೆ ತಾಯಿಯ ನಡುವೆ ನಡೆದುಕೊಂಡು ಅಂಗಳದ ನಡುವಿಗೆ ಬರುತ್ತಾಳೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಬೇರೆಯವರ ಮಕ್ಕಳಿಗೆ ಹಾಗೆ ಮಾಡಿದ್ದನ್ನು ನಾನು ಮೂರು ವರ್ಷ ಗ್ಯಾಲರಿಯಲ್ಲಿ ಕೂತು ನೋಡಿ ಅತ್ತಿದ್ದೆ. ಆ ದಿನ ನಾನು ಏನು ಉಡಬೇಕು ಎಂದು ಆಗಸ್ಟಿನಿಂದಲೇ ಯೋಚನೆ ಶುರುವಾಗಿತ್ತು. ಈಗ ಆ ಪಂದ್ಯವೇ ಹೋಗುತ್ತದೆಯೋ, ಪಂದ್ಯದ ಜೊತೆಗೆ ವೀಸಾ ಕೂಡ ಹೋಗುತ್ತದೆಯೋ ಎಂದು ರಾತ್ರಿಯಿಡೀ ಎದ್ದೆದ್ದು ಫೋನು ನೋಡಿದೆ.

ಮರುದಿನ ಆ ಆಫೀಸಿನ ಹೆಂಗಸು ನಮ್ಮ ಜೊತೆ ವಿಡಿಯೋದಲ್ಲಿ ಮಾತಾಡಿದರು. ಒಂದು ಚೌಕದಲ್ಲಿ ಮಗಳು, ಒಂದರಲ್ಲಿ ಅವರು, ಒಂದರಲ್ಲಿ ಇಟಾಸ್ಕಾದ ಆಫೀಸಿನ ಖಾಲಿ ಕೋಣೆಯಲ್ಲಿ ಕೂತ ನಾನು. ಮೆತ್ತಗೆ ಮಾತಾಡುವ ಹೆಂಗಸು. ಜಗಳ ಆಡೋಣವೆಂದರೆ ಹಿಡಿಯಲು ಎಲ್ಲೂ ಜಾಗವೇ ಇಲ್ಲ.

‘ಶರ್ಟಿನಲ್ಲಿ ಇರುವುದು ಏನು?’ ಎಂದು ಕೇಳಿದರು.

‘ಅಕ್ಕಿ.’

‘ಮತ್ತೆ?’

ಹೇಳಿದೆ. ಅರಿಶಿಣದ ಬೇರಿನ ತನಕ ಎಲ್ಲವನ್ನೂ ಹೇಳಿದೆ. ಅವರು ಬರೆದುಕೊಂಡರು.

‘ಇದಕ್ಕೆ ಪ್ರತಿಯಾಗಿ ನಿಮ್ಮ ಮಗಳು ಏನು ಮಾಡಬೇಕೆಂದು ಒಪ್ಪಂದವಾಗಿತ್ತು?’

‘ಚೆನ್ನಾಗಿರಬೇಕೆಂದು.’

‘ಅಷ್ಟೇನಾ?’

‘ಅಷ್ಟೇ. ಸೋತು ಬಂದಿದ್ದರೂ ತುಂಬುತ್ತಿದ್ದೆವು. ಅದು ಸಂಬಳವಲ್ಲ ತಾಯಿ, ಸಂಬಳವಾಗಿದ್ದರೆ ಅರಿಶಿಣ ಯಾಕೆ ಹಾಕುತ್ತಿದ್ದೆವು?’ ನನ್ನ ದನಿ ಏರಿತು. ಮಗಳು ತನ್ನ ಚೌಕದಲ್ಲಿ ಕಣ್ಣು ಮುಚ್ಚಿಕೊಂಡಳು.

ಆ ಹೆಂಗಸು ನಗಲಿಲ್ಲ, ರೇಗಲೂ ಇಲ್ಲ. ನಿಮ್ಮ ಸಂಪ್ರದಾಯವನ್ನು ನಾನು ನಂಬುತ್ತೇನೆ, ಆದರೆ ಆ ಫೋಟೋ ಒಂದು ಅಂಗಡಿಯ ಸಾಮಾನು ಮಾರುತ್ತಿದೆ, ಅದರಲ್ಲಿ ನಿಮ್ಮ ಮಗಳು ಬೆಲೆಯುಳ್ಳ ವಸ್ತು ತೆಗೆದುಕೊಳ್ಳುತ್ತಿದ್ದಾಳೆ, ಅವಳು ವಿದ್ಯಾರ್ಥಿ ವೀಸಾದಲ್ಲಿದ್ದಾಳೆ ಎಂದರು. ಫೋಟೋ ತೆಗೆಸಬೇಕು. ಬಂದದ್ದೆಲ್ಲವನ್ನೂ ಕೊಟ್ಟವರಿಗೆ ಹಿಂತಿರುಗಿಸಬೇಕು, ತಿಂದಿದ್ದರೆ ಅದರ ಬದಲು ಅಷ್ಟನ್ನೇ ಇಡಬೇಕು. ಹಿಂತಿರುಗಿಸಿದ್ದಕ್ಕೆ ಒಂದು ಫೋಟೋ ಕಳಿಸಬೇಕು. ಆಮೇಲೆ ವೀಸಾದ ವಕೀಲರು ನೋಡುತ್ತಾರೆ. ‘ಶನಿವಾರದ ಪಂದ್ಯದೊಳಗೆ ಆಗುತ್ತದೆಯೇ?’ ಎಂದು ಕೇಳಿದೆ. ‘ಆಗಲಿ ಎಂದು ನನಗೂ ಆಸೆಯಿದೆ,’ ಎಂದರು.

ವಿಡಿಯೋ ಮುಗಿದ ಮೇಲೆ ಮಗಳು ಮತ್ತೆ ಕರೆ ಮಾಡಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ‘ನಾನು ಏನೂ ಕೇಳಲಿಲ್ಲ ಅಮ್ಮಾ. ನೀನು ಹಿಡಿ ಅಂದೆ, ಐ ಜಸ್ಟ್ ಹೆಲ್ಡ್ ಔಟ್ ಮೈ ಶರ್ಟ್,’ ಎಂದಳು. ಮೊದಲ ಎರಡು ವಾಕ್ಯ ಕನ್ನಡದಲ್ಲಿ ಹೇಳಿದ್ದಳು, ನನಗೆ ಸರಿಯಾಗಿ ತಿಳಿಯಲಿ ಎಂದು.

ಸಂಜೆ ಗಂಡನ ಮೇಲೆ ಹರಿಹಾಯ್ದೆ. ಇನ್ಯಾರಿದ್ದರು? ‘ತುಂಬಿದ ಉಡಿ ವಾಪಸ್ ಕೊಡೂದಂದ್ರ ಏನಂತ ತಿಳದೀರಿ? ಆಕಿ ಬಾಳನ್ನ ಹೊಳ್ಳಿ ಕೊಟ್ಟಂಗ. ನಾ ಕೊಡಾಕಿ ಅಲ್ಲ.’

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ‘ವೀಸಾ ಹೋದ್ರೆ ಆ ಬಾಳನ್ನ ಎಲ್ಲಿ ಬಾಳ್ತಾಳೆ? ಅದನ್ನ ಹೇಳು ನೀನು,’ ಎಂದರು.

ನಾನು ಎದ್ದೆ. ಒಳಗೆ ಹೋಗಿ ಡಬ್ಬಿಯಿಂದ ಅಕ್ಕಿ ಅಳೆದು ಚೀಲಕ್ಕೆ ಹಾಕಿದೆ. ಉಡಿಯ ಅಕ್ಕಿಯನ್ನು ಮಗಳು ಹಾಸ್ಟೆಲಿನ ಕುಕ್ಕರಿನಲ್ಲಿ ಅನ್ನ ಮಾಡಿ ರೂಮ್‌ಮೇಟಿನ ಜೊತೆ ತಿಂದು ಮುಗಿಸಿದ್ದಳು. ಗಾದಿಯ ಹುಡುಗಿಯ ಹೊಟ್ಟೆಗೂ ನಮ್ಮ ಉಡಿಯ ಅನ್ನ ಬಿದ್ದಿತ್ತು.

ಬುಧವಾರ ಇಬ್ಬರೂ ರಜೆ ಹಾಕಿ ಹೊರಟೆವು. ಮಗಳನ್ನು ಕಾಲೇಜಿನಿಂದ ಹತ್ತಿಸಿಕೊಂಡೆವು. ಸೀರೆ, ಖಣ, ಕೊಬ್ಬರಿ ಎಲ್ಲವನ್ನೂ ಅವಳು ಒಂದು ಕಾಗದದ ಚೀಲದಲ್ಲಿಟ್ಟು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ನಾನು ಅಕ್ಕನಿಗೆ ಏನು ಹೇಳಲಿ, ಹೇಗೆ ಶುರುಮಾಡಲಿ ಎಂದು ಮನಸ್ಸಿನಲ್ಲೇ ಕೂಡಿಸಿ ಕಳೆದು ಮಾಡುತ್ತಿದ್ದೆ. ಬಯ್ದರೆ ಬಯ್ಯಿಸಿಕೊಳ್ಳೋಣ ಎಂದುಕೊಂಡೆ.

ಅಕ್ಕ ಬಯ್ಯಲಿಲ್ಲ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರು ಕೈಯ ಹಿಟ್ಟನ್ನು ನಿಧಾನವಾಗಿ ಉಜ್ಜಿ ತೆಗೆಯುತ್ತಿದ್ದರು. ಮುಖ ಮೇಲೆತ್ತಲಿಲ್ಲ.

‘ನಾ ಮುಟ್ಟಬಾರದಂತ ದೂರ ನಿಂತಿದ್ನೆವಾ,’ ಎಂದರು. ‘ಆದ್ರೂ ನನ್ನ ನೆರಳ ಬಿತ್ತು ನೋಡು ಕೂಸಿನ ಮ್ಯಾಲೆ.’

‘ಅಯ್ಯ, ಹಂಗನಬ್ಯಾಡ್ರಿ ಅಕ್ಕ!’ ಎಂದೆ. ಎರಡೂ ಚೀಲ ಕೌಂಟರಿನ ಮೇಲೆ ಇಟ್ಟೆ. ಅವರು ಚೀಲ ಮುಟ್ಟಲು ಒಲ್ಲೆ ಎಂದರು. ಕೊಟ್ಟ ಉಡಿ ಮರಳಿ ಇಸಿದುಕೊಂಡರೆ ಆ ಹುಡುಗಿಗೆ ಒಳ್ಳೆಯದಾಗುವುದಿಲ್ಲ, ಬೇಕಾದರೆ ಕಸದ ಡಬ್ಬಿಗೆ ಹಾಕಿ ಹೋಗಿರಿ ಎಂದರು. ಕಸಕ್ಕೆ ಹಾಕಿದರೆ ಹಿಂತಿರುಗಿಸಿದಂತೆ ಆಗುವುದಿಲ್ಲ ಎಂದು ನನ್ನ ಗಂಡ ಮೆಲ್ಲಗೆ ಹೇಳಿದರು. ಅಕ್ಕನ ಮಗ ಒರೆಸಿದ ಕೌಂಟರನ್ನೇ ಮತ್ತೆ ಒರೆಸುತ್ತಿದ್ದ. ಅವನಿಗೂ ಪಾಪ, ಫೋಟೋ ಹಾಕಿದ್ದು ತಾನು ಎಂಬ ಸಂಕಟ.

ಮಗಳು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಇಂಗ್ಲಿಷಿನಲ್ಲಿ ಕೇಳಿದಳು, ‘ವಾಪಸ್ ಕೊಡೋದು ಕೆಟ್ಟದ್ದು, ಸರಿ. ತುಂಬೋದು ಕೆಟ್ಟದ್ದಲ್ಲ ಅಲ್ವಾ? ಹಾಗಾದರೆ ನಾನು ಅವರಿಗೆ ತುಂಬುತ್ತೇನೆ.’

‘ಅವರಿಗೆ ತುಂಬಬಾರದವಾ,’ ಎಂದೆ.

‘ಯಾಕೆ?’

ಅಕ್ಕ ಎರಡು ಮಾರು ದೂರದಲ್ಲಿ ನಿಂತಿದ್ದರು. ಅವರ ಎದುರಿಗೆ ಆ ಕಾರಣವನ್ನು ನಾನು ಯಾವ ಭಾಷೆಯಲ್ಲಿ ಹೇಳಲಿ? ಮ್ಯಾನೇಜರನ್ನು ಗದರಿಸುವವಳು, ಗಂಡನನ್ನು ಗದರಿಸುವವಳು, ಮಗಳ ಒಂದು ‘ಯಾಕೆ’ಗೆ ನೆಲ ನೋಡಿದೆ. ಅವಳು ಎರಡೂ ಚೀಲ ಎತ್ತಿಕೊಂಡು ಅಕ್ಕನ ಎದುರು ಹೋಗಿ ನಿಂತಳು.

‘ಆಂಟಿ, ಹಿಡೀರಿ,’ ಎಂದಳು.

‘ಬ್ಯಾಡ ಕೂಸ. ನಂದು ಆ ಕಾಲ ಮುಗೀತು.’

‘ಪ್ಲೀಸ್ ಆಂಟಿ. ನನಗೆ ಆಡಬೇಕು.’

ಅಕ್ಕ ನನ್ನ ಕಡೆ ನೋಡಿದರು. ಹೂಂ ಎನ್ನಬೇಕಾದವಳು ನಾನೇ ಎಂಬ ಹಾಗೆ ನೋಡಿದರು. ನಾನು ಹೂಂ ಎಂದೆ. ಅವರು ಪ್ಯಾಂಟು, ಸ್ವೆಟರಿನ ಮೇಲೆ ಕಟ್ಟಿಕೊಂಡಿದ್ದ ಅಂಗಡಿಯ ಏಪ್ರನ್ನಿನ ಎರಡು ತುದಿ ಹಿಡಿದು ಎತ್ತಿದರು. ಮಗಳು ಅಕ್ಕಿ ಹಾಕಿದಳು. ಎಷ್ಟು ಹಿಡಿ ಎಂದು ತಿಳಿಯದೆ ಅಕ್ಕಿಯ ಚೀಲ ಖಾಲಿಯಾಗುವತನಕ ಹಾಕಿದಳು. ಕೊಬ್ಬರಿ, ಉತ್ತತ್ತಿ, ಅರಿಶಿಣ, ಅಡಿಕೆ, ಖಣ ಇಟ್ಟಳು. ಸೀರೆಯನ್ನು ಮೇಲಿಟ್ಟು, ಮುಂದೇನು ಮಾಡಬೇಕೆಂದು ಗೊತ್ತಾಗದೆ ಅವರನ್ನು ತಬ್ಬಿಕೊಂಡಳು. ಅಕ್ಕ ಗೊಳೋ ಎಂದು ಅತ್ತುಬಿಟ್ಟರು. ಏಪ್ರನ್ನಿನ ತುದಿ ಮಾತ್ರ ಬಿಡಲಿಲ್ಲ. ಎಷ್ಟು ವರ್ಷದಿಂದ ಬಯಸಿದ್ದರೋ, ಬಯಸಬಾರದೆಂದು ಎಷ್ಟು ವರ್ಷದಿಂದ ತಮಗೆ ತಾವೇ ಹೇಳಿಕೊಂಡಿದ್ದರೋ! ನಾನು ಅಂಥವರ ಅಂಗಡಿಯಲ್ಲಿ ಕೂತು ತಿಂಗಳುಗಟ್ಟಲೆ ಒಂದು ಬೋರ್ಡಿನ ದುಃಖ ತೋಡಿಕೊಂಡಿದ್ದೆ. ನನ್ನ ಗಂಡ ಕನ್ನಡಕ ತೆಗೆದು ಒರೆಸಿಕೊಂಡು ಫೋಟೋ ತೆಗೆದರು. ಆ ಆಫೀಸಿಗೆ ಅದನ್ನೇ ಕಳಿಸಿದೆವು.

ಗುರುವಾರ ಉತ್ತರ ಬರಲಿಲ್ಲ. ಶುಕ್ರವಾರ ಆ ಹೆಂಗಸು, ಫೋಟೋ ಸಿಕ್ಕಿತು, ವಕೀಲರ ಬಳಿ ಇದೆ ಎಂದು ಬರೆದರು. ಶನಿವಾರ ಬೆಳಿಗ್ಗೆಯಿಂದ ನಾನು ಫೋನು ಕೆಳಗಿಡಲಿಲ್ಲ. ಎಲ್ಲ ಸರಿಯಿದೆ, ಆಡಬಹುದು, ವೀಸಾಕ್ಕೆ ತೊಂದರೆಯಿಲ್ಲ ಎಂಬ ಮಾತು ಬಂದದ್ದು ಅದರ ಮುಂದಿನ ವಾರ. ಆಮೇಲೆ ಅವಳು ಬೇರೆ ಊರುಗಳಲ್ಲಿ ಆಡಿದಳು, ಚೆನ್ನಾಗಿಯೇ ಆಡಿದಳು. ಆದರೆ ಆ ಶನಿವಾರ ಸಂಜೆ ತನ್ನ ಸ್ವಂತ ಅಂಗಳದಲ್ಲಿ ಅವಳು ಬೆಂಚಿನ ತುದಿಯಲ್ಲಿ ಮನೆಯ ಬಟ್ಟೆಯಲ್ಲಿ ಕೂತಿದ್ದಳು. ನೀಲಿ ಸ್ವೆಟರು, ಕರಿ ಪ್ಯಾಂಟು. ಚೆಂಡು ನೆಲಕ್ಕೆ ಬಡಿದಾಗಲೆಲ್ಲ ಅವಳ ಭುಜ ಕೂತಲ್ಲೇ ಆ ಕಡೆ ವಾಲುತ್ತಿತ್ತು. ನಾನು ಆಟ ನೋಡಲಿಲ್ಲ, ಆ ಭುಜವನ್ನೇ ನೋಡಿದೆ. ಯಾರು ಗೆದ್ದರೆಂದು ಗಂಡನನ್ನು ಕೇಳಿ ತಿಳಿದುಕೊಂಡೆ.

ಹೆಸರು ಕರೆಯುವಾಗ ಅವಳೂ ಬರಲಿ ಎಂದು ಕೋಚು ಹೇಳಿದ್ದರು. ಜೆರ್ಸಿ ತೊಟ್ಟ ಹುಡುಗಿಯರ ಸಾಲಿನಲ್ಲಿ ನಾವು ಮೂವರೂ ನಿಂತೆವು, ಅವಳು ನಡುವೆ. ನಾನು ಏನು ಉಟ್ಟಿದ್ದೆನೋ ಈಗ ನೆನಪಿಲ್ಲ. ಮೈಕಿನವನು ಅವಳ ನಂಬರು, ಹೆಸರು ಹೇಳಿದ. ಹೆಸರನ್ನು ಸ್ವಲ್ಪ ತಿರುಚಿದ, ಹೋಗಲಿ. ಏನು ಓದುತ್ತಿದ್ದಾಳೆ ಎಂದು ಹೇಳಿದ. ಆಮೇಲೆ ಎಲ್ಲ ಹುಡುಗಿಯರಿಗೂ ಹೇಳಿದ ಹಾಗೆಯೇ ಅವಳ ಊರು ಹೇಳಿದ.

‘ಫ್ರಮ್ ಡೆಸ್ ಪ್ಲೇನ್ಸ್, ಇಲಿನಾಯ್!’

ಜನ ಎದ್ದರು, ಚಪ್ಪಾಳೆ ಹೊಡೆದರು. ಒಬ್ಬರೂ, ತಡಿ, ಈ ಹುಡುಗಿಯ ಕಾಗದದಲ್ಲಿ ಬೇರೆ ದೇಶವಿದೆ, ಓದು ಮುಗಿದ ಮೇಲೆ ಇವಳು ಅಲ್ಲಿಗೆ ಹೋಗಬೇಕಾದವಳು ಎನ್ನಲಿಲ್ಲ. ಅವಳು ನಮ್ಮ ಊರಿನವಳು ಎಂದು ಆ ದೊಡ್ಡ ಹಾಲಿನಲ್ಲಿ ಮೈಕು ಹಿಡಿದು ಹೇಳಿದರು, ಸಾವಿರ ಜನ ಒಪ್ಪಿಕೊಂಡರು. ಮಗಳು ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಳು. ಅವಳೂ ಅದನ್ನೇ ಕೇಳಿಸಿಕೊಂಡಿದ್ದಳು. ಇನ್ನೊಂದು ಸಲ ಹೇಳಪ್ಪಾ ಎಂದು ನನಗೆ ಕೂಗಬೇಕೆನ್ನಿಸಿತು. ಅಷ್ಟರಲ್ಲಿ ಅವನು ಮುಂದಿನ ಹುಡುಗಿಯ ಹೆಸರು ಓದುತ್ತಿದ್ದ.